ಶನಿವಾರದ ಆಟಕ್ಕೆ ಬಂದ ವಿಘ್ನ

ನಮ್ಮ ಕಡೆಯಲ್ಲಿ ಆಟವೆಂದರೆ ಯಕ್ಷಗಾನ. ‘ಇವತ್ತು ಆಟ ಉಂಟಾ?’ ಎಂದು ಯಾರಾದರೂ ಕೇಳಿದರೆ ಯಾವ ಮೇಳ, ಯಾವ ಪ್ರಸಂಗ, ಭಾಗವತರು ಯಾರು ಎಂಬುದನ್ನು ಹೇಳಬೇಕು. ನಮ್ಮ ಮನೆಯಲ್ಲಿ ಮಾತ್ರ ಕೆಲವು ವರ್ಷಗಳಿಂದ ಈ ಶಬ್ದಕ್ಕೆ ಇನ್ನೊಂದು ಅರ್ಥವೂ ಸೇರಿಕೊಂಡಿದೆ. ಶನಿವಾರ ರಾತ್ರಿ ಎಂಟು ಗಂಟೆಗೆ ಒಳಕೋಣೆಯ ಟಿ.ವಿ.ಯ ಮೇಲೆ ನಡೆಯುವ ಕಾಲ್ಚೆಂಡಿನ ಆಟ ಅದು. ಒಂದು ತಂಡ ಬದಿಯಡ್ಕದ ಹತ್ತಿರ ನಮ್ಮ ತೋಟದ ಮನೆಯಲ್ಲಿ. ಎದುರು ತಂಡ ಕುವೈತಿನಲ್ಲಿ. ಚೌಕಿಯಿಲ್ಲ, ಚೆಂಡೆಯಿಲ್ಲ, ಗ್ಯಾಸ್‌ಲೈಟಿನ ಕಾಲದ ನಿದ್ದೆಗೇಡೂ ಇಲ್ಲ. ಒಂಬತ್ತೂವರೆಗೆ ಮಂಗಳ.

ಈ ಬರಹದಲ್ಲಿ ‘ನಾವು’ ಎಂದರೆ ಇಬ್ಬರು: ಒಬ್ಬ ಚಿಕ್ಕಪ್ಪ, ಇನ್ನೊಬ್ಬ ಅವನ ಅಣ್ಣನ ಮಗ. ಕಿರಿಯವನು ಆಗ ಈ ಶಾಲೆಯ ಒಂಬತ್ತನೆಯ ತರಗತಿಯಲ್ಲಿದ್ದ. ಹಿರಿಯವನು ಇದೇ ಶಾಲೆಯ ಹಳೆಯ ವಿದ್ಯಾರ್ಥಿ, ಈಗ ಅಡಿಕೆ ತೋಟ ನೋಡಿಕೊಂಡಿರುವವನು. ಹೇಳಿದ್ದು ಹೆಚ್ಚಾಗಿ ಹುಡುಗ, ಬರೆದದ್ದು ಹೆಚ್ಚಾಗಿ ಚಿಕ್ಕಪ್ಪ, ಜಗಳ ಸಮಪಾಲು.

ಹುಡುಗನ ತಂದೆ ಕುವೈತಿನಲ್ಲಿ ಕೆಲಸದಲ್ಲಿದ್ದಾರೆ. ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಇಲ್ಲಿ ರಾತ್ರಿ 8 ಆಗುವಾಗ ಅಲ್ಲಿ ಸಂಜೆ 5:30. ಒಂದು ಸಲ ರಜೆಯಲ್ಲಿ ಬರುವಾಗ ಅವರು ಬಳಸಿದ ಎರಡು ಪ್ಲೇಸ್ಟೇಷನ್ 4 ಆಟದ ಪೆಟ್ಟಿಗೆಗಳನ್ನು ಕೊಂಡು, ಒಂದನ್ನು ತಮ್ಮ ಕೋಣೆಯಲ್ಲಿಟ್ಟು ಇನ್ನೊಂದನ್ನು ಊರಿಗೆ ತಂದಿದ್ದರು. ಎರಡೂ ಮೊದಲನೆಯ ಮಾದರಿಯವು, ಎಂದರೆ 2013ರಲ್ಲಿ ಹೊರಬಂದ ಜಾತಿಯವು. ಬಟ್ಟೆ, ಸಾಬೂನು, ಖರ್ಜೂರಗಳ ನಡುವೆ ಆ ಕಪ್ಪು ಪೆಟ್ಟಿಗೆಯನ್ನು ಕಂಡು ಅಜ್ಜಿ, ‘ಇದೆಂಥದು, ಹಾರ್ಮೋನಿಯವಾ?’ ಎಂದು ಕೇಳಿದ್ದು ಈಗಲೂ ಮನೆಯಲ್ಲಿ ಹಾಸ್ಯದ ಮಾತು.

ಫೋನು ಇರುವಾಗ ಈ ಪೆಟ್ಟಿಗೆ ಯಾಕೆ ಎಂದು ಹೆತ್ತವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಫೋನು ದಿನವೂ ಬರುತ್ತದೆ, ಮುಖವೂ ಕಾಣುತ್ತದೆ. ‘ಊಟ ಆಯಿತಾ?’ ‘ಆಯಿತು.’ ‘ಓದಿದೆಯಾ?’ ‘ಹೂಂ.’ ‘ಅಜ್ಜಿಗೆ ಕೊಡು.’ ಅಲ್ಲಿಗೆ ಮುಗಿಯಿತು. ಎದುರೆದುರು ಕುಳಿತು ಮುಖ ನೋಡಿಕೊಂಡು ಮಾತಾಡೆಂದರೆ ಗಂಡಸರಿಗೂ ಹದಿನಾಲ್ಕು ವರ್ಷದ ಹುಡುಗರಿಗೂ ಮಾತು ಬರುವುದಿಲ್ಲ. ಕೈಗೊಂದು ಕೆಲಸವಿದ್ದರೆ, ಅಡಿಕೆ ಸುಲಿಯುವಾಗ ಆಗುವ ಹಾಗೆ, ಮಾತು ತಾನಾಗಿ ಹೊರಡುತ್ತದೆ. ಆ ಒಂದೂವರೆ ಗಂಟೆಯಲ್ಲಿ ಚೆಂಡನ್ನು ಒದೆಯುತ್ತಾ ಒದೆಯುತ್ತಾ ಕಪಿಲೆ ದನ ಕರು ಹಾಕಿದ ಸುದ್ದಿ, ಬಸ್ಸಿನಲ್ಲಿ ಆದ ಗಲಾಟೆ, ಅಲ್ಲಿನ ಕೋಣೆಯಲ್ಲಿ ಅಡಿಗೆಯ ಸರದಿ ಯಾರದು ಎಂಬುದು, ಎಲ್ಲವೂ ಬರುತ್ತಿದ್ದವು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಬಂದ ಅಂಕವನ್ನು ಹುಡುಗ ತಂದೆಗೆ ತಿಳಿಸಿದ್ದು ಕೂಡ ಒಂದು ಗೋಲು ಹೊಡೆದ ಸಂಭ್ರಮದ ಮರೆಯಲ್ಲಿ. ಟಿ.ವಿ.ಯಿಂದ ಮಗನ ಸ್ವರ ದೊಡ್ಡದಾಗಿ ಬರುವುದರಿಂದ ಅಜ್ಜಿ ಬಾಗಿಲ ಬಳಿ ಬತ್ತಿ ಹೊಸೆಯುತ್ತಾ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಫೋನಿನಲ್ಲಿ ಅವರಿಗೆ ಅಷ್ಟು ಸರಿಯಾಗಿ ಕೇಳಿಸುವುದಿಲ್ಲ.

ಹೀಗಿರಲು, 2024ರ ತುಲಾ ಸಂಕ್ರಮಣದ ಮರುದಿನ, ಅಕ್ಟೋಬರ್ 18ರ ಸಂಜೆ ನಮ್ಮಲ್ಲಿ ದೊಡ್ಡ ಗುಡುಗು ಮಿಂಚು. ತುಲಾ ಮಳೆಯ ಸ್ವಭಾವವೇ ಹಾಗೆ. ಮಧ್ಯಾಹ್ನದವರೆಗೆ ಬಿಸಿಲು, ಆಮೇಲೆ ಆಕಾಶವೇ ಹರಿದು ಬೀಳುತ್ತದೆ. ನಮ್ಮ ಅಂತರ್ಜಾಲದ ತಂತಿ ಬರುವುದು ಗಾಜಿನ ಎಳೆಯಲ್ಲಿ. ಹೊದಿಕೆ ಸೇರಿ ಕೂದಲಿಗಿಂತ ಸ್ವಲ್ಪ ದಪ್ಪವಿರುವ ಆ ಗಾಜಿನೆಳೆಯ ಒಳಗೆ ಬೆಳಕು ಹರಿಯುತ್ತದೆ. ಗಾಜಿನಲ್ಲಿ ಮಿಂಚಿನ ವಿದ್ಯುತ್ತು ಹರಿಯುವುದಿಲ್ಲವೆಂಬುದು ನಿಜ. ಆದರೆ ಅದು ಬಂದು ಸೇರುವ ಪೆಟ್ಟಿಗೆ ನಿಂತಿರುವುದು ಮನೆಯ ಕರೆಂಟಿನ ಮೇಲಲ್ಲವೇ? ಆ ದಾರಿಯಿಂದ ಬಂದ ಪೆಟ್ಟಿಗೆ ಅದರ ಅಡಾಪ್ಟರೂ ಒಳಭಾಗವೂ ಕರಕಲಾದವು. ಮರುದಿನ ಬೆಳಿಗ್ಗೆಯೇ ಸಂಪರ್ಕ ಕೊಡುವ ಕಂಪೆನಿಯ ಕೆಲಸದವರು ಬಂದು ಹೊಸ ರೂಟರ್ ಇಟ್ಟು, ಹಳೆಯ ಹೆಸರು ಹಳೆಯ ಗುಪ್ತಪದವನ್ನೇ ಹಾಕಿಕೊಟ್ಟು, ಚಹಾ ಕುಡಿದು ಹೋದರು. ಮನೆಯ ಎಲ್ಲ ಫೋನುಗಳೂ ತಾವಾಗಿಯೇ ಸೇರಿಕೊಂಡವು. ರಾತ್ರಿ ಎಂಟಕ್ಕೆ ಆಟದ ಪೆಟ್ಟಿಗೆ ಹಚ್ಚಿದರೆ, ಸಂಪರ್ಕ ಸಾಧ್ಯವಾಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು.

ಈ ಒಂದು ಸಾಲಿನ ಬಗ್ಗೆ ನಮಗೆ ದೊಡ್ಡ ತಕರಾರಿದೆ. ಶಾಲೆಗೆ ಬಾರದ ಮಕ್ಕಳು ತರುವ ರಜೆ ಚೀಟಿಯಲ್ಲಿ ‘ಹೊಟ್ಟೆನೋವು’ ಎಂದಿರುವ ಹಾಗೆ ಅದು. ಜ್ವರವಿದ್ದರೂ ಹೊಟ್ಟೆನೋವು, ಮದುವೆಗೆ ಹೋಗಿದ್ದರೂ ಹೊಟ್ಟೆನೋವು. ಗೋಡೆ ದಪ್ಪವಾದರೂ, ತಂತಿ ತುಂಡಾದರೂ, ಜಗತ್ತಿನ ಇನ್ನೊಂದು ಮೂಲೆಯ ಯಂತ್ರ ನಿಂತರೂ ಪೆಟ್ಟಿಗೆಗೆ ಗೊತ್ತಿರುವುದು ಅದೊಂದೇ ವಾಕ್ಯ. ಹಿಂದೆ ಒಂದು ಸಂಖ್ಯೆ ಇರುತ್ತದೆ; ಅದನ್ನು ಬರೆದುಕೊಳ್ಳುವುದು ಒಳ್ಳೆಯದು.

ನೆರೆಮನೆಯ ಹಿರಿಯರೊಬ್ಬರು ಸುದ್ದಿ ಕೇಳಿ, ‘ಹಾಳಾದದ್ದು ಒಳ್ಳೆಯದೇ ಆಯಿತು ಮಾರಾಯ. ಹುಡುಗ ಇನ್ನಾದರೂ ಪುಸ್ತಕ ಹಿಡಿದಾನು’ ಎಂದರು. ಅಜ್ಜಿಯೂ ಹಾಗೆಯೇ ಹೇಳುವರೆಂದು ನಾವು ಎಣಿಸಿದ್ದೆವು. ಅವರು ಬತ್ತಿಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗುತ್ತಾ, ‘ಹಾಗಾದರೆ ಇವತ್ತು ಅವನ ಸ್ವರ ಇಲ್ಲ’ ಎಂದಷ್ಟೇ ಅಂದರು. ಆ ವರ್ಷ ದೀಪಾವಳಿಗೆ ರಜೆ ಸಿಗಲಿಲ್ಲವೆಂದು ಕುವೈತಿನಿಂದ ಆ ಮೊದಲೇ ತಿಳಿಸಿದ್ದರು. ಬಲಿ ಪಾಡ್ಯ ನವೆಂಬರ್ 2, ಶನಿವಾರ. ಅಷ್ಟರೊಳಗೆ ಇದನ್ನು ಸರಿಪಡಿಸತಕ್ಕದ್ದೆಂದು ನಾವಿಬ್ಬರೂ ಪಣ ತೊಟ್ಟೆವು. ಉಳಿದದ್ದು ಎರಡು ವಾರ.

ತೋಟದ ಕೊನೆಯ ಜೆಟ್ಟಿಗೆ ನೀರು ಬಾರದಿದ್ದರೆ ನಾವು ಜೆಟ್ಟನ್ನು ಬಡಿಯುತ್ತಾ ಕೂರುವುದಿಲ್ಲ. ಪಂಪು ತಿರುಗುತ್ತಿದೆಯೇ, ಕೆರೆಯಲ್ಲಿ ನೀರಿದೆಯೇ, ಗೇಟ್‌ವಾಲ್ವ್ ತೆರೆದಿದೆಯೇ, ಎಲ್ಲಿ ಪೈಪಿನ ಕೂಡಿಸಿದ ಜಾಗ ಬಿಟ್ಟಿದೆ ಎಂದು ಪೈಪಿನ ಉದ್ದಕ್ಕೂ ನಡೆದು ನೋಡುತ್ತೇವೆ. ಇಲ್ಲಿಯೂ ಅದೇ ಕ್ರಮ ಎಂದು ಹಿರಿಯವನ ವಾದ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಇಲ್ಲವಾದರೆ ಸರಿಯಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ ಎಂದು ಕಿರಿಯವನ ಷರತ್ತು; ಅದು ವಿಜ್ಞಾನದ ಅಧ್ಯಾಪಕರು ಪ್ರಯೋಗಶಾಲೆಯಲ್ಲಿ ಹೇಳಿಕೊಟ್ಟದ್ದು. ಹುಡುಗನ ಒಂದು ಹಳೆಯ ನೋಟುಪುಸ್ತಕದ ಹಿಂಬದಿಯಲ್ಲಿ ದಿನಾಂಕ ಹಾಕಿ ಬರೆಯಲು ತೊಡಗಿದೆವು.

ಮೊದಲು ಕೆರೆ. ಆಟದ ಜಾಲವೇ ಕೆಟ್ಟು ನಿಂತಿದ್ದರೆ ನಾವು ಇಲ್ಲಿ ಬೆವರು ಸುರಿಸಿ ಏನು ಫಲ? ಹಾಗೆ ಆದದ್ದೂ ಉಂಟು. 2011ರ ಏಪ್ರಿಲಿನಲ್ಲಿ ಹೊರಗಿನವರು ಯಾರೋ ನುಗ್ಗಿದ್ದರಿಂದ ಪ್ಲೇಸ್ಟೇಷನ್ ಜಾಲವನ್ನೇ ಮೂರು ವಾರಕ್ಕೂ ಹೆಚ್ಚು ಕಾಲ ಮುಚ್ಚಬೇಕಾಗಿ ಬಂದಿತ್ತು. ಆಗ ಅದರಲ್ಲಿದ್ದ ಖಾತೆಗಳು ಸುಮಾರು 7 ಕೋಟಿ 70 ಲಕ್ಷ. ಈಗ ಜಾಲದ ಸ್ಥಿತಿಯನ್ನು ತಿಳಿಸುವ ಪುಟವನ್ನು ಫೋನಿನಲ್ಲಿಯೇ ನೋಡಬಹುದು. ನೋಡಿದೆವು, ಎಲ್ಲವೂ ಕ್ಷೇಮ. ಹಣ ಕಟ್ಟಿದ ಸದಸ್ಯತ್ವದ ಅವಧಿಯೂ ಮುಗಿದಿರಲಿಲ್ಲ. ಕರೆಂಟು ಹೋಗಿ ಬಂದ ಮೇಲೆ ಪೆಟ್ಟಿಗೆಯ ಗಡಿಯಾರ ಹಿಂದಿನ ವರ್ಷಕ್ಕೆ ಓಡಿರುವುದುಂಟು. ತಾರೀಕು ತಪ್ಪಿದ್ದರೆ ಗುರುತಿನ ಪತ್ರಗಳು ಹೊಂದದೆ ದೂರದ ಯಂತ್ರ ನಮ್ಮದನ್ನು ಒಳಗೆ ಸೇರಿಸುವುದಿಲ್ಲ. ಅದೂ ಸರಿಯಾಗಿತ್ತು.

ಆಮೇಲೆ ಚಾವಡಿಯಲ್ಲಿದ್ದ ಹೊಸ ರೂಟರಿನ ದೀಪಗಳು. ಇವುಗಳನ್ನು ಓದಲು ಕಲಿತರೆ ಫೋನು ಮಾಡುವ ಅರ್ಧ ಶ್ರಮ ಉಳಿಯುತ್ತದೆ. ‘ಪಾನ್’ ಎಂಬ ದೀಪ ಹಸಿರಾಗಿ ನಿಂತಿದ್ದರೆ ಗಾಜಿನೆಳೆಯ ಬೆಳಕು ಬಂದು ಮುಟ್ಟಿದೆ ಎಂದರ್ಥ. ‘ಲಾಸ್’ ಎಂಬುದು ಕೆಂಪಾಗಿ ಮಿನುಗಿದರೆ ದಾರಿಯಲ್ಲಿ ಎಲ್ಲೋ ಎಳೆ ತುಂಡಾಗಿದೆ ಅಥವಾ ಹೆಚ್ಚು ಬಗ್ಗಿದೆ; ತೆಂಗಿನ ಮಡಲು ಬಿದ್ದು ನಮ್ಮಲ್ಲಿ ಎರಡು ಸಲ ಹಾಗಾಗಿತ್ತು. ಆಗ ಮನೆಯೊಳಗೆ ಏನನ್ನೂ ಮುಟ್ಟಿ ಪ್ರಯೋಜನವಿಲ್ಲ. ಮಕ್ಕಳಿಗೆ ಒಂದು ಮಾತು: ಬಿಚ್ಚಿದ ಆ ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬಾರದು. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣಿಸದ ಜಾತಿಯದು, ಆದರೆ ಕಣ್ಣಿಗೆ ಒಳ್ಳೆಯದಲ್ಲ. ನಮ್ಮದರಲ್ಲಿ ಹಸಿರು ನಿಂತಿತ್ತು, ಕೆಂಪು ಇರಲಿಲ್ಲ. ಹಾಗಾದರೆ ನೀರು ಪಂಪಿನವರೆಗೆ ಬಂದಿದೆ.

ಆಟದ ಪೆಟ್ಟಿಗೆಯಲ್ಲಿ ವೈಫೈ ಹುಡುಕಿಸಿದಾಗ ಒಂದು ವಿಚಿತ್ರ ಕಂಡಿತು. ನಮ್ಮ ಮನೆಯ ಹೆಸರು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ! ಅದರ ಬದಲಿಗೆ ಅಕ್ಷರ, ಅಂಕಿ ಕಲಸಿದ ಯಾವುದೋ ಅಪರಿಚಿತ ಹೆಸರು. ನೆರೆಮನೆ ಇರುವುದು ಗುಡ್ಡದ ಆಚೆ. ಅಲ್ಲಿಂದ ಇಷ್ಟು ಬಲವಾಗಿ ಬರಲಾರದು. ಹುಡುಗ ರೂಟರನ್ನು ಮಗುಚಿ ಅದರ ಬೆನ್ನಿಗೆ ಅಂಟಿಸಿದ ಚೀಟಿ ಓದಿದ. ಅಪರಿಚಿತ ಹೆಸರು ಅಲ್ಲೇ ಮುದ್ರಿತವಾಗಿತ್ತು.

ಸಂಗತಿ ಇಷ್ಟು. ಈಗಿನ ರೂಟರುಗಳು ಎರಡು ಅಲೆಗಳಲ್ಲಿ ಮಾತಾಡುತ್ತವೆ: ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ಮೊದಲನೆಯದು ನಿಧಾನ, ಆದರೆ ದೂರ ಹೋಗುತ್ತದೆ. ಎರಡನೆಯದು ಚುರುಕು, ಆದರೆ ಗೋಡೆ ಕಂಡರೆ ಬೇಗ ಸೋಲುತ್ತದೆ. ಕೆಲಸದವರು ನಮ್ಮ ಹಳೆಯ ಹೆಸರನ್ನು 5ರ ಅಲೆಗೆ ಮಾತ್ರ ಇಟ್ಟು, 2.4ರದ್ದನ್ನು ಕಾರ್ಖಾನೆಯಿಂದ ಬಂದ ಹೆಸರಿನಲ್ಲಿಯೇ ಬಿಟ್ಟಿದ್ದರು. ಫೋನುಗಳಿಗೆ ಎರಡೂ ಗೊತ್ತು. ಆದುದರಿಂದ ಅವು ತಕ್ಷಣ ಸೇರಿದವು. ಪ್ಲೇಸ್ಟೇಷನ್ 4ರ ಮೊದಲ ಮಾದರಿಗೆ 2.4 ಮಾತ್ರ ಕೇಳಿಸುತ್ತದೆ. 2016ರಲ್ಲಿ ಬಂದ ತೆಳು ಮಾದರಿಗೆ ಎರಡೂ ಕೇಳಿಸುತ್ತವೆ. ಹೆಸರಿನ ಕೊನೆಯಲ್ಲಿ ‘5ಜಿ’ ಎಂದು ಬರೆದಿರುವ ರೂಟರುಗಳನ್ನು ನೋಡಿ ‘ನಮ್ಮ ಮನೆಗೂ 5ಜಿ ಬಂತು’ ಎಂದು ಹೇಳಿಕೊಳ್ಳುವವರಿದ್ದಾರೆ. ಮೊಬೈಲಿನ 5ಜಿ ಎಂದರೆ ಐದನೆಯ ತಲೆಮಾರು. ಇದು ಐದು ಗಿಗಾಹರ್ಟ್ಸ್. ಒಂದೇ ಇನಿಶಿಯಲ್ಲಿನ ಇಬ್ಬರು ಬೇರೆ ಬೇರೆ ಮನೆಯವರಂತೆ.

ಹೆಸರು ಸರಿಪಡಿಸಿದ ಮೇಲೆ ಪೆಟ್ಟಿಗೆ ಸೇರಿತು. ಆದರೆ ಒಂದು ನಿಮಿಷಕ್ಕೆ ಸೇರುತ್ತದೆ, ಇನ್ನೊಂದು ನಿಮಿಷಕ್ಕೆ ಬಿಡುತ್ತದೆ. ನಮ್ಮದು ಮುತ್ತಜ್ಜನ ಕಾಲದ ಮುರಕಲ್ಲಿನ ಮನೆ. ಚಾವಡಿಗೂ ಒಳಕೋಣೆಗೂ ನಡುವೆ ಎರಡು ಗೋಡೆ, ಒಂದೊಂದೂ ಮೊಳದಷ್ಟು ದಪ್ಪ. ಹಳೆಯ ರೂಟರ್ ಇದ್ದದ್ದು ಒಳಬಾಗಿಲ ಮೇಲಿನ ಹಲಗೆಯಲ್ಲಿ. ಹೊಸದನ್ನು ಪ್ಲಗ್ ಹತ್ತಿರವಿದೆ ಎಂಬ ಕಾರಣಕ್ಕೆ ಕಿಟಿಕಿಯ ಬಳಿ ಕೂರಿಸಿದ್ದರು. ಬದಿಯಡ್ಕದ ಪೇಟೆಯಿಂದ ಇಪ್ಪತ್ತೈದು ಮೀಟರ್ ಲ್ಯಾನ್ ಕೇಬಲ್ ತಂದೆವು. ಅದರೊಳಗೆ ಎಂಟು ತಂತಿಗಳು, ಎರಡೆರಡನ್ನು ಹೊಸೆದು ನಾಲ್ಕು ಜೋಡಿ. ಹೊಸೆಯುವುದು ಅಂದಕ್ಕಲ್ಲ; ಹೊರಗಿನ ಗದ್ದಲ ಎರಡು ತಂತಿಗೂ ಸಮವಾಗಿ ತಾಗಿ ಕಳೆದುಹೋಗಲೆಂದು. ಈ ಬಗೆಯ ಕೇಬಲಿನಲ್ಲಿ ನೂರು ಮೀಟರಿನವರೆಗೂ ಧೈರ್ಯವಾಗಿ ಎಳೆಯಬಹುದು. ಅಟ್ಟದ ಪಕ್ಕಾಸಿನ ಉದ್ದಕ್ಕೂ ಅದನ್ನು ಕಟ್ಟಿಕೊಂಡು ಹೋಗುವಾಗ ಹಿರಿಯವನ ತಲೆಯ ಮೇಲೆ ಬಿದ್ದ ಧೂಳಿನಲ್ಲಿ ಮೂರು ತಲೆಮಾರಿನದ್ದಿತ್ತು. ಇಲಿಯ ಭಯಕ್ಕೆ ಕೇಬಲನ್ನು ಹಳೆಯ ಪಿ.ವಿ.ಸಿ. ಪೈಪಿನೊಳಗೆ ಸೇರಿಸಿದೆವು. ಆಟದ ಪೆಟ್ಟಿಗೆ, ಟಿ.ವಿ. ಇರುವ ಕೋಣೆಗೆ ವೈಫೈಗಿಂತ ತಂತಿಯೇ ಮೇಲು ಎಂಬುದು ನಮ್ಮಿಬ್ಬರದೂ ಒಮ್ಮತದ ಅಭಿಪ್ರಾಯ. ಒಮ್ಮತವಿರುವುದು ಈ ಒಂದರಲ್ಲಿ.

ಅಕ್ಟೋಬರ್ 26ರ ಶನಿವಾರ. ಪೆಟ್ಟಿಗೆಯಲ್ಲಿಯೇ ಒಂದು ಪರೀಕ್ಷೆ ಇದೆ. ಅದನ್ನು ನಡೆಸಿದರೆ ಸಾಲು ಸಾಲಾಗಿ ಫಲಿತಾಂಶ ಬರುತ್ತದೆ. ವಿಳಾಸ ಪಡೆಯುವುದು: ಯಶಸ್ವಿ. ಅಂತರ್ಜಾಲ: ಯಶಸ್ವಿ. ಆಟದ ಜಾಲಕ್ಕೆ ಪ್ರವೇಶ: ಯಶಸ್ವಿ. ನಾವು ಕುಣಿದಾಡುವಷ್ಟರಲ್ಲಿ ನಾಲ್ಕನೆಯ ಸಾಲು, ‘ನ್ಯಾಟ್: ಮೂರನೆಯ ಬಗೆ’. ಹುಡುಗ ಒಬ್ಬನೇ ಏನು ಬೇಕಾದರೂ ನೋಡಬಹುದು, ಇಳಿಸಿಕೊಳ್ಳಬಹುದು. ಕುವೈತಿನ ಪೆಟ್ಟಿಗೆಯೊಂದಿಗೆ ಮಾತ್ರ ಆಡಲಾಗದು, ಮಾತಾಡಲಾಗದು. ತಂದೆಯ ಹೆಸರಿನ ಮುಂದೆ ಹಸಿರು ಚುಕ್ಕೆ ಕಾಣುತ್ತಿದೆ. ಅವರು ಅಲ್ಲಿ ಕುಳಿತಿದ್ದಾರೆ. ಕರೆಯುತ್ತಾರೆ, ಬರುವುದಿಲ್ಲ, ಹುಡುಗ ಕರೆಯುತ್ತಾನೆ, ಹೋಗುವುದಿಲ್ಲ. ಕೊನೆಗೆ ಫೋನು ಬಂತು. ‘ಊಟ ಆಯಿತಾ?’ ‘ಆಯಿತು.’ ಅಜ್ಜಿ ಅಂದು ಬಾಗಿಲ ಬಳಿ ಬಂದು ಕುಳಿತವರು, ಏನೂ ಕೇಳದೆ, ಎದ್ದು ಹೋದರು.

ಈ ನ್ಯಾಟ್ ಎಂಬುದು ಏನೆಂದು ನಾವು ಎರಡು ರಾತ್ರಿ ಕುಳಿತು ಬಿಡಿಸಿದೆವು. ಅಂತರ್ಜಾಲದ ಹಳೆಯ ಪದ್ಧತಿಯ ವಿಳಾಸಗಳು ಇರುವುದೇ 429 ಕೋಟಿ ಚಿಲ್ಲರೆ. ಎರಡನ್ನು ಮೂವತ್ತೆರಡು ಸಲ ತನ್ನಿಂದಲೇ ಗುಣಿಸಿದರೆ ಬರುವಷ್ಟು. ಜಗತ್ತಿನ ಜನರೇ 800 ಕೋಟಿ ದಾಟಿದ್ದಾರೆ, ಒಬ್ಬೊಬ್ಬರಿಗೆ ಎರಡು ಮೂರು ಯಂತ್ರ. ಉಗ್ರಾಣದ ಕೊನೆಯ ಕಟ್ಟುಗಳನ್ನು 2011ರ ಫೆಬ್ರವರಿ 3ರಂದೇ ಹಂಚಿ ಮುಗಿಸಿದರು. ಇದಕ್ಕೆ ಪರಿಹಾರವಾಗಿ ಬಹಳ ಉದ್ದದ ಹೊಸ ವಿಳಾಸ ಪದ್ಧತಿ ಬಂದಿದೆ. ಆದರೆ ಹಳೆಯ ಯಂತ್ರಗಳೂ ಹಳೆಯ ಆಟಗಳೂ ಹಳೆಯದನ್ನೇ ಕೇಳುತ್ತವೆ. ಆದ್ದರಿಂದ ಒಂದು ವಿಳಾಸವನ್ನು ಹಲವರು ಹಂಚಿಕೊಳ್ಳುವ ಉಪಾಯ ನಡೆಯುತ್ತಾ ಬಂದಿದೆ.

ನಮ್ಮ ಶಾಲೆಯನ್ನೇ ತೆಗೆದುಕೊಳ್ಳಿ. ನೂರಾರು ಮಕ್ಕಳು, ಅಂಚೆಯ ವಿಳಾಸ ಒಂದು. ಒಬ್ಬ ವಿದ್ಯಾರ್ಥಿ ಹೊರಗೆ ಕಾಗದ ಬರೆದಾಗ ಆಫೀಸಿನ ಗುಮಾಸ್ತರು ಇದು ಎಂಟನೆಯ ‘ಬಿ’ಯ ಇಂಥವನದು ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಉತ್ತರ ಬಂದಾಗ ಗುರುತು ನೋಡಿ ಅವನಿಗೇ ತಲುಪಿಸುತ್ತಾರೆ. ಆದರೆ ಯಾರೂ ಕೇಳದೆ, ಹೊರಗಿನಿಂದ ಶಾಲೆಯ ವಿಳಾಸಕ್ಕೆ ಒಂದು ಕಾಗದ ತಾನಾಗಿ ಬಂದರೆ ಅದು ಯಾರಿಗೆಂದು ಗುಮಾಸ್ತರಿಗೆ ತಿಳಿಯುವುದು ಹೇಗೆ? ಬದಿಗಿಟ್ಟುಬಿಡುತ್ತಾರೆ. ರೂಟರ್ ನಮ್ಮ ಮನೆಯ ಗುಮಾಸ್ತ. ಸಿನಿಮಾ ನೋಡುವುದು, ಪಾಠ ಹುಡುಕುವುದು ಎಲ್ಲ ನಾವು ಬರೆದ ಕಾಗದಕ್ಕೆ ಬರುವ ಉತ್ತರಗಳು. ಇಬ್ಬರು ನೇರವಾಗಿ ಆಡುವ ಆಟದಲ್ಲಿ ಮಾತ್ರ ಒಬ್ಬರು ಇನ್ನೊಬ್ಬರ ಬಾಗಿಲನ್ನು ಕರೆಯದೆಯೇ ಬಂದು ತಟ್ಟಬೇಕಾಗುತ್ತದೆ. ‘ಇಂಥ ಬಾಗಿಲು ತಟ್ಟಿದರೆ ಈ ಪೆಟ್ಟಿಗೆಗೆ ಕಳಿಸು’ ಎಂದು ಗುಮಾಸ್ತನಿಗೆ ಹೇಳಿಡುವ ಸೌಕರ್ಯ ರೂಟರಿನಲ್ಲಿ ಉಂಟು, ಯು.ಪಿ.ಎನ್.ಪಿ. ಎಂದು ಅದರ ಹೆಸರು. ಹೊಸ ರೂಟರಿನಲ್ಲಿ ಅದು ಮುಚ್ಚಿತ್ತು. ತೆರೆದೆವು. ಪರೀಕ್ಷೆ ನಡೆಸಿದೆವು. ಮತ್ತೆ ಮೂರನೆಯ ಬಗೆ.

ಕಾರಣವನ್ನು ಹುಡುಗ ಕಂಡುಹಿಡಿದ. ನಮ್ಮ ರಾಜ್ಯದ ಶಾಲೆಗಳಲ್ಲಿ ಐ.ಟಿ. ಒಂದು ವಿಷಯವಲ್ಲವೇ, ಕನ್ನಡ ಮಾಧ್ಯಮದ ಮಕ್ಕಳೂ ಅದನ್ನು ಕನ್ನಡದಲ್ಲಿಯೇ ಓದುತ್ತಾರೆ. ರೂಟರಿನ ಪುಟದಲ್ಲಿ ಹೊರಗಿನ ವಿಳಾಸ ಎಂದು ತೋರಿಸುವ ಸಂಖ್ಯೆಯನ್ನು ಅವನು ಬರೆದುಕೊಂಡ. ಫೋನಿನಲ್ಲಿ ‘ನನ್ನ ವಿಳಾಸ ಯಾವುದು’ ಎಂದು ಕೇಳಿ ಬಂದ ಸಂಖ್ಯೆಯನ್ನು ಅದರ ಕೆಳಗೆ ಬರೆದ. ಎರಡೂ ಒಂದೇ ಆಗಿರಬೇಕಿತ್ತು. ಬೇರೆ ಬೇರೆ ಇದ್ದವು! ಮೊದಲನೆಯದು 100.72 ಎಂದು ಆರಂಭವಾಗುತ್ತಿತ್ತು. 100.64ರಿಂದ 100.127ರವರೆಗಿನ ಸಂಖ್ಯೆಗಳನ್ನು, ಒಂದು ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಕಂಪೆನಿಗಳ ಒಳಬಳಕೆಗೆಂದೇ 2012ರಲ್ಲಿ ಬೇರೆ ತೆಗೆದಿಟ್ಟಿದ್ದಾರೆ. ಎಂದರೆ ನಮ್ಮ ಗುಮಾಸ್ತನ ಮೇಲೆ ಕಂಪೆನಿಯ ಕಚೇರಿಯಲ್ಲಿ ಇನ್ನೊಬ್ಬ ದೊಡ್ಡ ಗುಮಾಸ್ತ ಕುಳಿತಿದ್ದಾನೆ. ಎಷ್ಟೋ ಮನೆಗಳಿಗೆ ಅವನೊಬ್ಬನೇ. ನಮ್ಮವನಿಗೆ ನಾವು ಎಷ್ಟು ಹೇಳಿಟ್ಟರೂ ಕಾಗದ ಅಲ್ಲಿಂದ ಕೆಳಗೆ ಇಳಿಯಬೇಕಲ್ಲ.

ಕುವೈತಿನಲ್ಲಿ ಏನಾದರೂ ಮಾಡಬಹುದೇ ಎಂದು ಕೇಳಿದೆವು. ಅಲ್ಲಿ ಒಂದು ಕೋಣೆಯಲ್ಲಿ ಐದು ಮಂದಿ. ಅಂತರ್ಜಾಲ ಸಿಮ್ ಹಾಕಿದ ಸಣ್ಣ ಪೆಟ್ಟಿಗೆಯದ್ದು. ಅದೂ ಮೂರನೆಯ ಬಗೆಯೇ. ಎರಡು ಕಡೆಯೂ ಬಾಗಿಲು ಹಾಕಿಕೊಂಡಿದ್ದರೆ ತಟ್ಟುವವರು ಯಾರು, ತೆರೆಯುವವರು ಯಾರು? ಒಂದು ಕಡೆಯಾದರೂ ತೆರೆದಿರಬೇಕು. ಹಿಂದೆ ಅದು ನಮ್ಮ ಕಡೆಯಿತ್ತು. ಹೊಸ ರೂಟರಿನೊಂದಿಗೆ ನಮ್ಮನ್ನು ಹೊಸ ಯೋಜನೆಗೂ ಸೇರಿಸಿದ್ದಾರೆ, ಅದರಲ್ಲಿ ಪ್ರತ್ಯೇಕ ವಿಳಾಸವಿಲ್ಲ ಎಂಬುದು ಆಮೇಲೆ ಬಿಲ್ಲಿನಲ್ಲಿ ಗೊತ್ತಾಯಿತು. ಕೇಳಿ ಮಾಡಬೇಕಾದ ಕೆಲಸವನ್ನು ಹೇಳದೆ ಮಾಡಿದರೆ ಸಿಟ್ಟು ಬಾರದೆ ಇರುತ್ತದೆಯೇ? ಆದರೆ ಚಹಾ ಕುಡಿದು ಹೋದವರ ಮೇಲೆ ನಮಗೆ ಸಿಟ್ಟಿಲ್ಲ. ಅವರಿಗೂ ಅದನ್ನು ಯಾರೂ ಹೇಳಿರಲಾರರು.

ಕಂಪೆನಿಗೆ ಫೋನು ಮಾಡುವ ಕೆಲಸವನ್ನು ಹುಡುಗನಿಗೇ ಬಿಟ್ಟೆವು. ಒಂದು ಒತ್ತು, ಮೂರು ಒತ್ತು, ಕಾಯಿರಿ. ಮೊದಲ ಸಲ ಮಾತಾಡಿದವರು ರೂಟರನ್ನು ಆರಿಸಿ ಮತ್ತೆ ಹಚ್ಚಿ ಎಂದರು. ಎರಡನೆಯ ಸಲದವರೂ ಅದನ್ನೇ ಎಂದರು. ಆ ಸಲಹೆ ತಪ್ಪೆಂದು ಹೇಳಲಾರೆವು. ಹಚ್ಚಿದಾಗ ವಿಳಾಸ ಹೊಸದಾಗಿ ಸಿಗುವುದರಿಂದ ಹಲವು ಸಣ್ಣ ತೊಂದರೆಗಳು ಅಷ್ಟರಿಂದಲೇ ಹೋಗುತ್ತವೆ. ಇಲ್ಲಿ ಮಾತ್ರ ಅದು ಉಪಯೋಗಕ್ಕಿಲ್ಲ. ಮೂರನೆಯ ಸಲ ಹುಡುಗ ನೋಟುಪುಸ್ತಕವನ್ನು ಮುಂದಿಟ್ಟುಕೊಂಡು, ಚೊಕ್ಕ ಮಲಯಾಳದಲ್ಲಿ, ದೀಪದ ಬಣ್ಣದಿಂದ ಹಿಡಿದು 100.72ರವರೆಗೆ ದಿನಾಂಕ ಸಹಿತ ಓದಿ ಹೇಳಿದ. ಆಚೆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ‘ಮೋನೇ, ನೀನು ಪಾಲಿಟೆಕ್ನಿಕ್ಕಾ?’ ಎಂಬ ಪ್ರಶ್ನೆ. ಒಂಬತ್ತನೆಯ ತರಗತಿ ಎಂದಾಗ ಅವರು ನಕ್ಕು, ಮೇಲಿನವರಿಗೆ ಕೊಟ್ಟರು. ಮೇಲಿನವರು ನೇರವಾಗಿ ವಿಷಯಕ್ಕೆ ಬಂದರು: ಮನೆಗೆ ಪ್ರತ್ಯೇಕ ವಿಳಾಸ ಕೊಡಬಹುದು, ತಿಂಗಳಿಗೆ ನೂರೈವತ್ತು ರೂಪಾಯಿ ಹೆಚ್ಚು, ಒಂದು ವರ್ಷದ್ದು ಮುಂಗಡ.

ಸಾವಿರದೆಂಟುನೂರು ರೂಪಾಯಿ. ಒಂದು ಆಟಕ್ಕೆ! ಅಂದು ರಾತ್ರಿ ಊಟದ ಹೊತ್ತಿಗೆ ಇದೇ ಚರ್ಚೆ. ಕೊಳೆರೋಗದಿಂದ ಆ ಸಲ ಅಡಿಕೆಯಲ್ಲಿ ಹೇಳಿಕೊಳ್ಳುವಷ್ಟು ಇರಲಿಲ್ಲ. ಹುಡುಗನ ತಾಯಿ, ‘ಫೋನಿನಲ್ಲಿಯೇ ಮಾತಾಡಿದರೆ ಸಾಕು. ಬರುವ ವರ್ಷ ಅವನಿಗೆ ಹತ್ತನೆಯ ತರಗತಿ’ ಎಂದರು. ಅವರ ಮಾತಿನಲ್ಲಿಯೂ ತಥ್ಯವಿತ್ತು, ಹುಡುಗ ತಲೆ ಎತ್ತಲಿಲ್ಲ. ಆಗ ಅಜ್ಜಿ ಎಂದೂ ಹೇಳದ ಒಂದು ವಿಷಯ ತೆಗೆದರು. 1979ರಲ್ಲಿ ಅವರ ತಮ್ಮ ದುಬಾಯಿಗೆ ಹೋಗಿದ್ದರಂತೆ. ಆಗ ಮನೆಯಲ್ಲಿ ಫೋನಿಲ್ಲ. ಕಾಗದ ಬರಲು ಎಷ್ಟೋ ದಿನ. ಯಾರಾದರೂ ಊರಿಗೆ ಬರುವವರಿದ್ದರೆ ಅವರ ಕೈಯಲ್ಲಿ ತಮ್ಮ ಒಂದು ಕ್ಯಾಸೆಟ್ ಕಳಿಸುತ್ತಿದ್ದ, ತಾನೇ ಮಾತಾಡಿ ತುಂಬಿದ್ದು. ಅದನ್ನು ಕೇಳಬೇಕಾದರೆ ಟೇಪ್‌ರೆಕಾರ್ಡರ್ ಇದ್ದ ಮನೆಗೆ ಗುಡ್ಡ ಹತ್ತಿ ಹೋಗಬೇಕು. ಅಲ್ಲಿ ಹತ್ತು ಜನರ ನಡುವೆ ಕುಳಿತು ಕೇಳಬೇಕು. ‘ಅವನು ಮಾತಾಡುತ್ತಾ ಮಾತಾಡುತ್ತಾ ನಡುವಿನಲ್ಲಿ ಕೆಮ್ಮುತ್ತಿದ್ದ. ಕೆಮ್ಮಿಗೆ ಮದ್ದು ಮಾಡಿದೆಯಾ ಎಂದು ಕೇಳೋಣವೆಂದರೆ ಕ್ಯಾಸೆಟ್ಟಿಗೆ ಕೇಳಿಸುತ್ತದಾ? ನನ್ನ ಅಡಿಕೆ ದುಡ್ಡಿನಿಂದ ಕಟ್ಟಿ’ ಎಂದು ಹೇಳಿ ಮಜ್ಜಿಗೆಗೆ ಕೈಯೊಡ್ಡಿದರು. ಹುಡುಗನ ತಾಯಿ ಮಜ್ಜಿಗೆ ಬಡಿಸಿದರು. ಬೇರೆ ಏನೂ ಅನ್ನಲಿಲ್ಲ. ಶನಿವಾರ ಒಂದೇ ದಿನ, ಒಂಬತ್ತೂವರೆಗೆ ಮುಗಿಯಬೇಕು, ಫೆಬ್ರವರಿಯಲ್ಲಿ ಪೂರ್ತಿ ನಿಲ್ಲಬೇಕು ಎಂಬ ಕರಾರು ಮರುದಿನ ಬೆಳಿಗ್ಗೆ ಅವರಿಂದ ಬಂತು. ಅದು ಈಗಲೂ ಜಾರಿಯಲ್ಲಿದೆ.

ಹಣ ಕಟ್ಟಿದ್ದು ಅಕ್ಟೋಬರ್ 30ರಂದು. ನವೆಂಬರ್ 1ರ ಸಂಜೆ ರೂಟರಿನ ಪುಟದ ಸಂಖ್ಯೆಯೂ ಫೋನಿನ ಸಂಖ್ಯೆಯೂ ಒಂದೇ ಆದವು. ಪರೀಕ್ಷೆಯ ನಾಲ್ಕನೆಯ ಸಾಲಿನಲ್ಲಿ ‘ಎರಡನೆಯ ಬಗೆ’. ಮನೆಯಲ್ಲಿ ರೂಟರಿನ ಮೂಲಕ ಆಡುವವರಿಗೆ ಇದೇ ಯೋಗ್ಯವಾದದ್ದು. ಒಂದನೆಯ ಬಗೆ ಎಂದರೆ ಗುಮಾಸ್ತನೇ ಇಲ್ಲದೆ ಬೀದಿಗೆ ತೆರೆದ ಮನೆ, ಅದು ಬೇಡ. ಮರುದಿನ ಬಲಿ ಪಾಡ್ಯ. ಗೋಪೂಜೆ ಆಯಿತು, ಸಂಜೆ ಅಂಗಳದಲ್ಲಿ ಬಲೀಂದ್ರನಿಗೆ ದೀಪ ಇಟ್ಟಾಯಿತು. ಎಂಟು ಗಂಟೆಗೆ ಟಿ.ವಿ.ಯಿಂದ ಮೊದಲು ಬಂದದ್ದು ಕೆಮ್ಮು, ಆಮೇಲೆ ‘ಏ, ಕೇಳುತ್ತದಾ?’ ಎಂಬ ದೊಡ್ಡ ಸ್ವರ. ಹುಡುಗ ಉತ್ತರ ಕೊಡುವ ಮೊದಲೇ ಬಾಗಿಲ ಬಳಿಯಿಂದ ಅಜ್ಜಿ, ‘ಕೆಮ್ಮು ಯಾಕೆ? ಮದ್ದು ಮಾಡಿದೆಯಾ?’ ಎಂದು ಕೇಳಿದರು.

ಆ ರಾತ್ರಿ ಹುಡುಗ ನಾಲ್ಕು ಗೋಲು, ತಂದೆ ಒಂದು. ಜಾಲ ನಿಧಾನವಾದ್ದರಿಂದ ತಮ್ಮ ಆಟಗಾರರು ಹೇಳಿದಂತೆ ಓಡಲಿಲ್ಲವೆಂದು ಕುವೈತಿನವರ ಆಕ್ಷೇಪ. ಇದನ್ನು ಪರಿಶೀಲಿಸಬೇಕೆಂದು ಹುಡುಗ ನೋಟುಪುಸ್ತಕ ತೆಗೆದ. ಇಲ್ಲಿಂದ ಕುವೈತಿಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 3,300 ಕಿಲೋಮೀಟರ್. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ಹಾಗಾದರೆ ಹೋಗಿ ಬರಲು ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂವತ್ತಮೂರು ಪಾಲು ಬೇಕೇ ಬೇಕು, ಯಾವ ಕಂಪೆನಿಯೂ ಅದಕ್ಕಿಂತ ಬೇಗ ಮಾಡಲಾರದು. ಕಡಲ ತಳದ ಕೇಬಲುಗಳು ನೇರವಾಗಿ ಹೋಗುವುದಿಲ್ಲವಾದ್ದರಿಂದ ಮತ್ತು ನಡುನಡುವೆ ಕಟ್ಟೆಗಳಿರುವುದರಿಂದ ನಮ್ಮ ಅಳತೆಗೆ ಅದು ನೂರು ಪಾಲಿನ ಮೇಲೆ ಬಂತು. ತಡವೇನೋ ನಿಜ. ಆದರೆ ಅಷ್ಟೇ ತಡ ಇಲ್ಲಿಗೂ ಇದೆಯಲ್ಲ ಎಂದು ಹುಡುಗ ಲೆಕ್ಕದ ಹಾಳೆಯ ಫೋಟೋ ಕಳಿಸಿದ. ಅದಕ್ಕೆ ಕುವೈತಿನಿಂದ ಬಂದ ಉತ್ತರ, ‘ಗಣಿತದಲ್ಲಿ ಕಡಿಮೆ ಅಂಕ ಬಂದದ್ದು ನಿನಗೆಯೋ, ಬೇರೆ ಯಾರಿಗೋ?’ ಎಂದು.